ಕೊನೆಯ ಸ್ಥಾನದ ಹಾಡು

ಕ್ಲಾರಿಸ್ಸಾ ಮಗಳೇ,

ಯುರೋಪಿನ ಹಾಡಿನ ಸ್ಪರ್ಧೆಯಲ್ಲಿ ನಮ್ಮ ಮಾಲ್ಟಾ ಕೊನೆಗೆ ಬಂದದ್ದೇಕೆ ಎಂದು ಊರಿನ ಬ್ಯಾಂಡ್ ಕ್ಲಬ್ಬಿನಲ್ಲಿ ಇನ್ನೂ ಜಗಳ ನಡೆದಿದೆ. ನಿನ್ನ ಉಡುಪು ಸರಿಯಿರಲಿಲ್ಲ ಎಂದು ಕೆಲವರು, ಅಕ್ಕಪಕ್ಕದ ದೇಶಗಳು ಮತ ಹಾಕದೆ ಕೈಕೊಟ್ಟವು ಎಂದು ಕೆಲವರು. ಭಾನುವಾರ ನಾನೂ ಅಲ್ಲಿದ್ದೆ. ಬೇಕರಿಯ ವೆನ್ಝು, "ಹುಡುಗಿ ಶ್ರುತಿನೇ ತಪ್ಪಿದ್ಲು ಬಿಡ್ರೋ" ಅಂದ.

ನೀನು ಹಾಡಲು ಹೊರಟಾಗಿನಿಂದ ನಿನ್ನೊಡನೆ ಮಾತು ಬಿಟ್ಟಿರುವ ಅಪ್ಪ ಕುರ್ಚಿ ತಳ್ಳಿ ಎದ್ದರು.

"ಬಾಯಿ ಮುಚ್ಚೋ! ಆ ಹಾಡು ಹನ್ನೊಂದು ಸಲ ಕೇಳಿದೀನಿ. ಎಲ್ಲಿ ತಪ್ಪಿದಾಳೆ ಹೇಳೋ?"



ಗೊಝೋ ದ್ವೀಪದ ಚಿಕ್ಕಮ್ಮನ ಮನೆಯಲ್ಲಿ ಅಡಗಿದ್ದು ಸಾಕು. ಶನಿವಾರ ಬಾ. ಬರುವಾಗ ಅಲ್ಲಿಯ ಮೆಣಸಿನ ಚೀಸ್ ತಾ. ಬಂದರಿಗೆ ಅಪ್ಪನೇ ಕಾರು ತರುತ್ತಾರೆ. ನಾನೇನೂ ಹೇಳಲಿಲ್ಲ, ದೋಣಿ ಎಷ್ಟು ಗಂಟೆಗೆ ಎಂದು ಅವರೇ ಕೇಳಿದರು.

ನಿನ್ನ ಅಮ್ಮ,
ಡೋರಿಸ್