ಏಣಿ ಜಪ್ತಿಯಾದ ದಿನ ಮಾಳಿಗೆಯ ಮೇಲೆ ಉಳಿದವನ ಅಹವಾಲು

ಕಲ್ಯಾಣದ ಬಂದೋಬಸ್ತನ್ನು ಹುಮನಾಬಾದಿನಲ್ಲಿ ಕುಳಿತೇ ನೋಡಿಕೊಳ್ಳುವ ಮಾನ್ಯ ಅಮೀನ್ ಸಾಹೇಬರೇ,

ತಮ್ಮ ಜವಾನ ನನ್ನ ಮನೆಯ ಏಣಿಯನ್ನು ಜಪ್ತಿ ಮಾಡಿಕೊಂಡು ಹೋದ. ಆ ಏಣಿಯನ್ನು ಹತ್ತಿ ಹೋಗಿದ್ದ ಮನುಷ್ಯ, ಅಂದರೆ ನಾನು, ಆಗ ಮಾಳಿಗೆಯ ಮೇಲಿದ್ದೆ. ಬೆಳಗಿನ ಬಿಸಿಲು ಚುರುಕಾಗುವ ಹೊತ್ತಿನಿಂದ ದನಗಳು ಊರಿಗೆ ಮರಳುವ ಹೊತ್ತಿನವರೆಗೆ ನಾನು ನನ್ನ ಮನೆಯ ಮೇಲೆಯೇ ಕೈದಿಯಾಗಿದ್ದೆ. ವಿಷಯ ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಹೇಳಿ, ಅವರನ್ನೂ ನಗಿಸಿ, ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ತಮ್ಮ ಹುಕುಮಿನ ಒಂದು ಸಾಲಿನಿಂದ ನನ್ನ ನೆರೆಮನೆ ನನ್ನ ಕೈಬಿಟ್ಟುಹೋಗುತ್ತಿದೆ. ಅದನ್ನು ಉಳಿಸಿಕೊಡುವುದು ತಮ್ಮೊಬ್ಬರಿಂದ ಮಾತ್ರ ಸಾಧ್ಯ. ಗುಟ್ಟಾಗಿ ಅರ್ಜಿ ಹಾಕಿದರೆ ಅದು ತಮ್ಮ ಮೇಜಿನ ಮೇಲೆ ಎಷ್ಟು ದಿನ ನಿದ್ರೆ ಮಾಡುತ್ತದೆ ಎಂಬುದು ನನಗೆ ಗೊತ್ತಿರುವುದರಿಂದ, ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ತಾವು ಕನ್ನಡ ಓದುವುದಿಲ್ಲವೆಂದು ಕೇಳಿದ್ದೇನೆ. ಓದಿ ಹೇಳುವವರು ತಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ, ಮೆತ್ತಗೆ ಮಾಡದೆ ಹೇಳಲಿ ಎಂಬುದಷ್ಟೇ ನನ್ನ ಕೋರಿಕೆ.

ನನ್ನ ಪರಿಚಯ ದೊಡ್ಡದೇನಲ್ಲ. ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ನನ್ನ ಕಿರಾಣಿ ಅಂಗಡಿ. ಅದರ ಹಿಂದೆಯೇ ಮನೆ. ನಮ್ಮ ಗೋಡೆಗೆ ಹತ್ತಿದ ಮನೆ ಅತ್ತರಿನ ವ್ಯಾಪಾರಿ ಬದ್ರುದ್ದೀನ್ ಸಾಹೇಬರದು. ನನ್ನ ಮಾಳಿಗೆಯ ಮೇಲೆ ನಿಂತರೆ ಅವರ ಅಂಗಳ ಕೈಯಳತೆಯಲ್ಲಿ ಕಾಣುತ್ತದೆ. ಅವರ ಮನೆಯ ಹೆಂಗಸರು ಪರದೆಯವರು. ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು ಎಂದು ತಾವು ಕೇಳಬಹುದು. ಹುಕುಂ ಹೊರಡಿಸುವ ಮೊದಲು ಕೇಳಿದ್ದರೆ ಚೆನ್ನಾಗಿತ್ತು. ನಡೆದದ್ದು ಹೀಗೆ: ನಾನು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು "ಮಾಳಿಗಿ ಮ್ಯಾಲ ಬರಾಕತ್ತೇನ್ರೀ" ಎಂದು ಗಟ್ಟಿಯಾಗಿ ಕೂಗುತ್ತೇನೆ. ಬದ್ರುದ್ದೀನ್ ಸಾಹೇಬರ ಹೆಂಡತಿ ಕರೀಮಾ ಬೇಗಂ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಸರಿದು, ಬಾಗಿಲ ಮರೆಯಿಂದ "ಬರ್ರಿ ಅಣ್ಣಾರ" ಎನ್ನುತ್ತಾರೆ. ಆಮೇಲೆ ನಾನು ಹತ್ತುತ್ತೇನೆ. ಇಳಿದ ಮೇಲೆ "ಇಳದೇನ್ರೀ" ಎನ್ನುತ್ತೇನೆ. ನಾನು ಮದುವೆಯಾದ ವರ್ಷದಿಂದ ಇದು ಹೀಗೇ ನಡೆದಿದೆ. ಅವರ ಕೈಯ ಶೀರಕುರ್ಮಾ ಪಾಯಸ ಎಷ್ಟು ಸಲ ಕುಡಿದಿದ್ದೇನೋ ಲೆಕ್ಕವಿಲ್ಲ, ಅವರ ಮುಖ ಹೇಗಿದೆ ಎಂದು ಇವತ್ತಿಗೂ ನನಗೆ ತಿಳಿಯದು. ಇಂಥ ಬಂದೋಬಸ್ತು ತಮ್ಮ ಪೊಲೀಸರಿಂದ ಆದೀತೇ?

ಯುಗಾದಿಗೆ ಮುಂಚಿನ ಆ ದಿನ ಬೇರೆ ದಿನಗಳಂತೆಯೇ ಇತ್ತು. ಹೋಳಿಯ ಬಣ್ಣ ಇನ್ನೂ ಓಣಿಯ ಗೋಡೆಗಳಿಂದ ಪೂರ್ತಿ ಹೋಗಿರಲಿಲ್ಲ. ಮಾಳಿಗೆಯ ಮಣ್ಣು ಬಿರಿದಿತ್ತು, ಮಳೆಗಾಲಕ್ಕೆ ಮೊದಲು ಮುಚ್ಚಬೇಕು. ನನ್ನ ಹೆಂಡತಿ ಸೂಗಮ್ಮ ಸಂಡಿಗೆ ಇಟ್ಟಿದ್ದಳು, ಕಾಗೆ ಕಾಯಲು ಒಬ್ಬರು ಬೇಕಿತ್ತು. ಎರಡೂ ಕೆಲಸಕ್ಕೆ ನಾನೇ ಸಿಕ್ಕೆ. ಕೂಗಿದೆ, ಉತ್ತರ ಬಂತು, ಹತ್ತಿದೆ. ಕಾಲಿನಿಂದ ಬಿಚ್ಚಿಟ್ಟ ನನ್ನ ಕೆರವು ಏಣಿಯ ಬುಡದಲ್ಲಿತ್ತು.

ಸ್ವಲ್ಪ ಹೊತ್ತಿಗೆ ತಮ್ಮ ಜವಾನ ಮಚ್ಚೇಂದ್ರ ಓಣಿಯ ನಡುವೆ ನಿಂತು ಡಂಗುರ ಬಡಿಸಿ ಹುಕುಂ ಓದಿದ. ಹಗಲು ಹೊತ್ತು ಗಂಡಸರು ಮಾಳಿಗೆ ಹತ್ತಕೂಡದು, ಹತ್ತಿದರೆ ಏಣಿ ಜಪ್ತಿ. ಕಾರಣವನ್ನೂ ಓದಿದ: "ಪರದಾ ಇರೋ ಮನೀ ಹೆಣ್ಮಕ್ಕಳಿಗೆ ತಕಲೀಫ್ ಆಗಾಕತ್ತದ ಅಂತ ಆ ಮನಿಯವರೇ ಶಿಕಾಯತ್ ಕೊಟ್ಟಾರ." ಅಂದರೆ ತೊಂದರೆಯಾಗುತ್ತಿದೆಯೆಂದು ಅವರದೇ ದೂರು. ನಮ್ಮ ಓಣಿಯಲ್ಲಿ ಪರದೆಯ ಮನೆ ಇರುವುದು ಒಂದೇ. ನಿಂತವರೆಲ್ಲ ಆ ಬಾಗಿಲ ಕಡೆ ನೋಡಿದ್ದನ್ನು ನಾನು ಮೇಲಿನಿಂದ ಕಂಡೆ. ಆಮೇಲೆ ಅವರೆಲ್ಲ ತಲೆಯೆತ್ತಿ ನನ್ನ ಕಡೆ ನೋಡಿದರು. ಮಚ್ಚೇಂದ್ರನೂ ನೋಡಿದ. ಅವನಿಗೆ ಹುಕುಂ ಓದಿ ಮುಗಿಸುವಷ್ಟರಲ್ಲೇ ಅಪರಾಧಿ ಸಿಕ್ಕಿದ್ದ.

"ಮಚ್ಚೇಂದ್ರ, ನಾ ಮ್ಯಾಲ ಇದ್ದೇನಪ್ಪ. ಏಣಿ ಒಯ್ದರ ಹ್ಯಾಂಗ ಇಳೀಲಿ?" ಎಂದೆ.

"ಇಳಿಯೂದರ ಬಗ್ಗೆ ಹುಕುಮಿನ್ಯಾಗ ಏನೂ ಬರದಿಲ್ರಿ" ಎಂದು ಅವನು ಏಣಿಯನ್ನು ಹೆಗಲಿಗೇರಿಸಿದ. ಮನುಷ್ಯ ಹತ್ತಿದ್ದಕ್ಕೆ ಪುರಾವೆಯೆಂದು ನನ್ನ ಕೆರವನ್ನೂ ತೆಗೆದುಕೊಂಡ. ಬೇರೆ ಯಾರಾದರೂ ಏಣಿ ಕೊಟ್ಟರೆ ಅದನ್ನೂ ಒಯ್ಯುವುದಾಗಿ ಹೇಳಿ ಹೋದ. ಓಣಿಯಲ್ಲಿ ಏಣಿಯಿದ್ದವರು ತಮ್ಮ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಉಳಿದವರು ನಿಂತು ನನಗೆ ಸಲಹೆ ಕೊಟ್ಟರು. ಒಬ್ಬರು ಹಾರಿ ಎಂದರು, ಒಬ್ಬರು ಹಾರಬೇಡಿ ಎಂದರು. ನನ್ನ ವಯಸ್ಸು, ನನ್ನ ಹೊಟ್ಟೆ, ಗೋಡೆಯ ಎತ್ತರ ಮೂರನ್ನೂ ನೋಡಿ ನಾನು ಎರಡನೆಯವರ ಮಾತು ಕೇಳಿದೆ.

ಸಾಹೇಬರೇ, ಒಬ್ಬ ಮನುಷ್ಯ ಮಾಡಲು ಕೆಲಸವಿಲ್ಲದೆ, ಹೋಗಲು ದಾರಿಯಿಲ್ಲದೆ ಒಂದು ಇಡೀ ದಿನ ಕುಳಿತರೆ ಏನೇನು ಕಾಣುತ್ತದೆ ಎಂಬುದು ತಮಗೆ ತಿಳಿದಿರಲಾರದು. ತಮ್ಮ ಕಚೇರಿಯಲ್ಲಿ ಹಾಗೆ ಕುಳಿತವರಿಗೆ ಕಿಟಕಿ ಇಲ್ಲವಲ್ಲ. ನಾನು ಬೇವಿನ ಮರದ ಕೆಂಪು ಚಿಗುರು ಮಧ್ಯಾಹ್ನದ ಬಿಸಿಲಲ್ಲಿ ಜೋತುಬಿದ್ದು ಸಂಜೆಗೆ ಮತ್ತೆ ಏಳುವುದನ್ನು ನೋಡಿದೆ. ಗಿಳಿಗಳು ಹುಣಸೆಯ ಮರದಲ್ಲಿ ಜಗಳಾಡುತ್ತ ಹಣ್ಣನ್ನು ತಿಂದದ್ದಕ್ಕಿಂತ ಹೆಚ್ಚು ಕೆಳಗೆ ಬೀಳಿಸಿದವು. ಸುಂಟರಗಾಳಿಯೊಂದು ಎಲ್ಲಿಂದಲೋ ಒಣ ಎಲೆ ಹೊತ್ತು ಓಣಿಯುದ್ದಕ್ಕೂ ಸಾಗಿ, ಯಾರ ಮನೆಗೂ ಹೋಗದೆ ನನ್ನ ಸಂಡಿಗೆಯ ಮೇಲೆಯೇ ಸುರಿದುಹೋಯಿತು. ಕೋಟೆಯ ಕಡೆಯಿಂದ ಬಂದ ಒಂದು ಮುದಿ ಕೋತಿ ನನ್ನೆದುರಿಗೇ ಕುಳಿತು ಸಂಡಿಗೆ ತಿಂದಿತು. ನಾನು ಕಲ್ಲೆತ್ತಿದರೆ ಅದು ಗೋಡೆಯಿಂದ ಗೋಡೆಗೆ ಇಳಿದುಹೋಯಿತು. ಅದು ಇಳಿದ ಬಗೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತೆಂದು ಹೇಳಲು ನಾಚಿಕೆಯಿಲ್ಲ. ಕಾಲು ಸುಡುತ್ತಿತ್ತು. ನನ್ನ ನೆರಳಿನ ಮೇಲೆಯೇ ನಾನು ನಿಲ್ಲಲು ನೋಡಿದೆ, ಅದಾಗಲಿಲ್ಲ. ಎದುರಿನ ಕಟ್ಟೆಯ ಮೇಲೆ ಹಜಾಮ ಒಬ್ಬರ ಅರ್ಧ ಗಡ್ಡ ತೆಗೆದು ನನ್ನನ್ನು ನೋಡುತ್ತ ಕುಳಿತಿದ್ದ. ಆ ಅರ್ಧ ಗಡ್ಡದವರೂ ನನ್ನನ್ನೇ ನೋಡುತ್ತಿದ್ದರು. ಊರೆಲ್ಲ ಎಂದಿನಂತೆ ಓಡಾಡುತ್ತಿರುವಾಗ ಒಬ್ಬನೇ ಸಿಕ್ಕಿಹಾಕಿಕೊಂಡು ಕೂರುವುದು ಎಷ್ಟು ಅವಮಾನದ ಕೆಲಸವೆಂದು ನನಗೆ ಆಗ ತಿಳಿಯಿತು.

ನಮ್ಮ ಮಾಳಿಗೆಯಲ್ಲಿ ಅಡುಗೆಮನೆಗೆ ಬೆಳಕು ಬೀಳಲು ಒಂದು ಬೆಳಕಿಂಡಿ ಇದೆ. ಮಗು ಇಳಿಯಬಹುದಾದಷ್ಟು ಅಗಲ. ಸೂಗಮ್ಮ ಅದರ ಕೆಳಗೆ ನಿಂತು ಕೋಲಿಗೆ ತಂಬಿಗೆ ಕಟ್ಟಿ ಮಜ್ಜಿಗೆ ಏರಿಸಿದಳು. ಬದ್ರುದ್ದೀನ್ ಸಾಹೇಬರ ಮನೆಯಲ್ಲಿ ಉದ್ದನೆಯ ಏಣಿಯಿದೆ, ಹೋಗಿ ಕೇಳು ಎಂದು ನಾನು ಕಿಂಡಿಗೆ ಬಾಯಿಟ್ಟು ಹೇಳಿದೆ. ಅವಳು ಕೋಲನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದಳು.

"ಯಾವ ಮಾರಿ ಹೊತ್ಕೊಂಡು ಹೋಗ್ಲಿರಿ? ನೀವು ಏರೂದೇ ತಕಲೀಫ್ ಅಂತ ಅವರೇ ಹೇಳ್ಯಾರಂತಲ್ಲ" ಎಂದಳು.

ನಾನು ಮತ್ತೆ ಒತ್ತಾಯ ಮಾಡಲಿಲ್ಲ. ನನ್ನ ಮನಸ್ಸಿನಲ್ಲಿಯೂ ಅದೇ ಕುದಿಯುತ್ತಿತ್ತು. ಇಷ್ಟು ವರ್ಷ ಅಣ್ಣಾ ಎಂದವರಿಗೆ ನನ್ನೆದುರು ಒಂದು ಮಾತು ಹೇಳಲಾಗದೆ ಕಚೇರಿಗೆ ಹೋಗಬೇಕಾಯಿತೇ? ನಾನು ಅವರ ಅಂಗಳಕ್ಕೆ ಬೆನ್ನು ಮಾಡಿ ಕುಳಿತೆ. ದನ ಬರುವ ಹೊತ್ತಿಗೆ ಘಾಟಬೋರಾಳದ ರೈತ ಬಸವಣಪ್ಪ ರಾಶಿ ಮುಗಿಸಿ ಹೊಟ್ಟು ತುಂಬಿದ ಗಾಡಿ ಹೊಡೆದುಕೊಂಡು ಓಣಿಗೆ ಬಂದ. ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬೀಳ್ರಿ ಎಂದ. ನಾನು ಕಣ್ಣು ಮುಚ್ಚಿ ಹೊಟ್ಟಿನೊಳಗೆ ಬಿದ್ದೆ. ಎಷ್ಟೋ ದಿನ ನನ್ನ ಅಂಗಿಯ ಕೊರಳಲ್ಲಿ ಹೊಟ್ಟು ಚುಚ್ಚುತ್ತಿತ್ತು.

ಏಣಿ ಬಿಡಿಸಿಕೊಳ್ಳಲು ಹೋದಾಗ, ಇಲ್ಲಿಯ ಠಾಣೆಯ ಕೋಣೆ ಗಿಡ್ಡವಾಯಿತೆಂದು ಅದನ್ನು ಹುಮನಾಬಾದಿಗೆ ಕಳಿಸಿದ್ದಾರೆಂದು ತಿಳಿಯಿತು. ನನ್ನ ಏಣಿ ನನಗಿಂತ ಮೊದಲು ಹುಮನಾಬಾದ್ ನೋಡಿತು. ನಾನೂ ಹೋದೆ. ತಮ್ಮ ಜಗಲಿಯಲ್ಲಿ ಕಾದು ಕಾದು ತಮ್ಮ ದರ್ಶನವಾಯಿತು. ತಾವು ಒಳ್ಳೆಯ ಮನಸ್ಸಿನಲ್ಲಿದ್ದಿರಿ, ಕುರ್ಚಿಯನ್ನೂ ತೋರಿಸಿದಿರಿ, ಅದನ್ನು ಮರೆತಿಲ್ಲ. ನಾನು ಏಣಿಯ ಮಾತನ್ನು ಬಿಟ್ಟು, ಶಿಕಾಯತ್ ಕೊಟ್ಟವರು ಯಾರೆಂದು ಮಾತ್ರ ಕೇಳಿದೆ. ತಾವು ನಕ್ಕಿರಿ. ತಾವು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಯಾರೂ ಕೊಟ್ಟಿಲ್ಲ. ಜನರ ದೂರಿನ ಮೇಲೆ ಎಂದು ಬರೆಯದೆ ಹುಕುಂ ಹೊರಡಿಸಿದರೆ ಅದಕ್ಕೆ ತೂಕ ಬರುವುದಿಲ್ಲ. ಎಲ್ಲ ಊರಿನ ಹುಕುಮಿಗೂ ಹಾಗೇ ಬರೆಯುತ್ತೇವೆ, ಇದರಲ್ಲಿ ಮನಸ್ಸಿಗೆ ಹಚ್ಚಿಕೊಳ್ಳುವುದೇನಿದೆ?

ಏನಿದೆಯೆಂದು ಹೇಳುತ್ತೇನೆ. ನಾನು ಹುಮನಾಬಾದಿನಿಂದ ಬಂದವನು ಮನೆಗೂ ಹೋಗದೆ ಬದ್ರುದ್ದೀನ್ ಸಾಹೇಬರ ಅಂಗಡಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಅತ್ತರಿನ ಬಾಟಲಿಯ ಬಿರಡೆಗಳನ್ನು ಒರೆಸುತ್ತ ಕೇಳಿದರು. ನಂತರ ನಿಧಾನವಾಗಿ ಹೇಳಿದರು:

"ಅವತ್ತ ನಾ ಹುಲಸೂರಿಗೆ ಹೋಗಿದ್ದೆ. ಕರೀಮಾ ನಮ್ಮ ಏಣಿ ಎಳಕೊಂಡು ಬಂದು ಬಾಗಲ ಹಿಂದ ಇಟ್ಟಿದ್ಳು. ಜಪ್ತಿ ಆದ್ರ ಆಗ್ಲಿ, ಸೂಗಮ್ಮ ಬಂದ ಕೂಡ್ಲೇ ಕೊಡೂದು ಅಂತ. ಓಣಿ ತುಂಬ ಮಂದಿ ನಿಂತಿದ್ರು, ಆಕಿ ಹೊಸ್ತಿಲ ದಾಟೂ ಹಂಗಿಲ್ಲ, ದನಿ ಎತ್ತೂ ಹಂಗಿಲ್ಲ. ಸಂಜೀತನ ಬಾಗಲ ಹಿಂದ ನಿಂತ್ಳು. ನಿಮ್ಮ ಮನ್ಯಾಗಿಂದ ಯಾರೂ ಬರಲಿಲ್ರಿ."

ಸಾಹೇಬರೇ, ನನಗೆ ಕಣ್ಣೆತ್ತಿ ಅವರ ಮುಖ ನೋಡಲಾಗಲಿಲ್ಲ. ಒಂದು ಗೋಡೆಯ ಈಚೆ ನಾನು ಬೆನ್ನು ತಿರುಗಿಸಿ ಕುಳಿತಿದ್ದೆ. ಆಚೆ ಆ ತಾಯಿ ಏಣಿ ಹಿಡಿದು ಕಾಯುತ್ತಿದ್ದರು. ಅಮೀನರು ತಮ್ಮ ಬಾಯಿಂದಲೇ ಒಪ್ಪಿಕೊಂಡಿದ್ದಾರೆ, ಶಿಕಾಯತ್ ಸುಳ್ಳಂತೆ ಎಂದು ನಾನು ಮತ್ತೆ ಮತ್ತೆ ಹೇಳಿದೆ.

"ನಿಮ್ಮ ಮಾತು ನಾ ನಂಬ್ತೇನ್ರಿ ಮಹಾರುದ್ರಪ್ಪ. ಖರೆ, ಓಣಿ ಮಂದಿ ಕೇಳಿದ್ದು ಜವಾನ ಓದಿದ್ದು. ಈಗಿನ ದಿನ ನಿಮಗೂ ಗೊತ್ತವ, ಹಿಂದೂ ಮುಸಲ್ಮಾನ ಅಂತ ಮಂದಿ ಬ್ಯಾರೆ ಆಗಾಕತ್ತಾರ. ನಾಳೆ ಯಾರರ ಏಣಿ ಒಯ್ದ್ರೂ ಅದು ನಮ್ಮ ಹೆಸರಿಗೇ ಬರ್ತದ" ಎಂದರು.

ಅವರು ಸುಳ್ಳು ಹೇಳಲಿಲ್ಲ. ನಮ್ಮ ಓಣಿಯಲ್ಲಿ ಆಗಲೇ ಬೇರೆ ಇಬ್ಬರ ಏಣಿ ಹೋಗಿದೆ. ಅವರು ಬದ್ರುದ್ದೀನ್ ಸಾಹೇಬರ ಅಂಗಡಿಯ ಮುಂದೆ ಹಾದುಹೋಗುವಾಗ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದಾರೆ. ನಾನು ಮನೆಮನೆಗೆ ಹೋಗಿ ನಿಜ ಹೇಳಿದರೆ, ನೆರೆಯವರೆಂದು ಮುಚ್ಚಿಹಾಕುತ್ತಿದ್ದಾನೆ ಎನ್ನುತ್ತಾರೆ. ನಾನೊಬ್ಬ ಕಿರಾಣಿಯವ, ತಾವು ಸರ್ಕಾರ. ನನ್ನ ನಿಜಕ್ಕಿಂತ ತಮ್ಮ ಸುಳ್ಳು ಗಟ್ಟಿಯಾಗಿ ಕೇಳುತ್ತದೆ. ಇದಕ್ಕೆ ನಾನು ಯಾವ ಕಚೇರಿಗೆ ಹೋಗಲಿ? ಮಾಳಿಗೆಯಿಂದಾದರೂ ಹೊಟ್ಟಿನ ಗಾಡಿಗೆ ಬಿದ್ದು ಪಾರಾದೆ, ಇದರಿಂದ ಇಳಿಯುವ ದಾರಿ ನನಗೆ ಕಾಣುತ್ತಿಲ್ಲ.

ಇನ್ನು ಪರದೆಯ ನೆಪದಲ್ಲಿ ಯಾರ ಏಣಿಯೂ ಹೋಗಬಾರದೆಂದು ನಿನ್ನೆಯಿಂದ ಬದ್ರುದ್ದೀನ್ ಸಾಹೇಬರು ತಮ್ಮ ಅಂಗಳದ ಗೋಡೆಯನ್ನು ನಮ್ಮ ಮಾಳಿಗೆಗಿಂತ ಮೇಲಕ್ಕೆ ಎತ್ತಿಸುತ್ತಿದ್ದಾರೆ. ಅವರಿಗೆ ಗೋಡೆ ಬೇಕಾಗಿಲ್ಲ, ನನಗೂ ಬೇಕಾಗಿಲ್ಲ. ಕರೀಮಾ ಬೇಗಂ ಅವರಿಗೆ ಆ ಅಂಗಳದಿಂದ ಕಾಣುತ್ತಿದ್ದ ಬೇವಿನ ಮರವೂ ಇನ್ನು ಮರೆಯಾಗುತ್ತದೆ ಎಂದು ಸೂಗಮ್ಮ ಬೆಳಗಿನಿಂದ ಒಲೆಯ ಮುಂದೆ ಕುಳಿತು ಅಳುತ್ತಿದ್ದಾಳೆ. ಆದರೂ ಗೌಂಡಿ ಕಲ್ಲಿನ ಮೇಲೆ ಕಲ್ಲು ಇಡುತ್ತಿದ್ದಾನೆ.

ನನ್ನ ಬೇಡಿಕೆ ಒಂದೇ. ಏಣಿ ತಮ್ಮಲ್ಲೇ ಇರಲಿ, ಕೆರವನ್ನು ಮಚ್ಚೇಂದ್ರ ಹಾಕಿಕೊಳ್ಳಲಿ, ಹುಕುಮನ್ನು ಸಹ ತಾವು ಬೇಕಾದರೆ ಉಳಿಸಿಕೊಳ್ಳಿ. ನಾನು ಮಾಳಿಗೆ ಹತ್ತುವುದಿಲ್ಲ. ಆದರೆ ತಾವು ಖುದ್ದಾಗಿ ನಮ್ಮ ಓಣಿಗೆ ಬಂದು, ಡಂಗುರ ಬಡಿಸಿ, ಅಂದು ನಿಂತಿದ್ದ ಜನವೇ ಕೇಳುವಂತೆ ಹೇಳಬೇಕು: ಈ ಮನೆಯವರು ಯಾರ ಮೇಲೂ ದೂರು ಕೊಟ್ಟಿಲ್ಲ, ಅದನ್ನು ಬರೆದವರು ನಾವು. ಗೋಡೆ ಈಗ ಮಾಳಿಗೆಯಿಂದ ಸೊಂಟದ ಎತ್ತರಕ್ಕೆ ಬಂದಿದೆ, ಗಾರೆ ಇನ್ನೂ ಹಸಿಯಿದೆ. ಬರುವುದಾದರೆ ಬೇಗ ಬನ್ನಿ.

ಇಂತಿ,
ನೆಲಕ್ಕಿಳಿದರೂ ಇನ್ನೂ ಇಳಿಯದಿರುವ
ಮಹಾರುದ್ರಪ್ಪ, ಕಿರಾಣಿ ವ್ಯಾಪಾರಿ
ಕಲ್ಯಾಣ, ೧೯೩೯