ಚಂದ್ರ ಕಂಡರೆ ಕೂಗು

ಪುಟ್ಟೀ,

ಇವತ್ತು ಸಂಕಷ್ಟಿ. ಚಂದ್ರ ಕಾಣುವವರೆಗೆ ನನಗೆ ಉಪವಾಸ. ರಾತ್ರಿ ಪಾಳಿಗೆ ನಾನಿರುವ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಕಿಟಕಿಯೇ ಇಲ್ಲವಲ್ಲ, ಹಾಗಾಗಿ ನನ್ನ ಕಣ್ಣು ನೀನೇ.

ಗರಿಕೆ ತೊಳೆದಿಟ್ಟಿದ್ದೇನೆ. ದೇವರಿಗೆ ಏರಿಸಿ, ದೀಪ ಹಚ್ಚಿ ತಾರಸಿಗೆ ಹೋಗು. ಒದ್ದೆ ಕೂದಲಲ್ಲಿ ನಿಲ್ಲಬೇಡ. ಕಂಡ ತಕ್ಷಣ ಫೋನ್ ಮಾಡು. ಹೋದ ತಿಂಗಳಂತೆ ಫೋಟೊ ಕಳಿಸಿ ಸುಮ್ಮನಾಗಬೇಡ; ಅದು ಚಂದ್ರನೋ ಬೀದಿದೀಪವೋ, ಆ ಗಣಪನೇ ಬಲ್ಲ.

ನಿನ್ನಜ್ಜಿ ಇದ್ದಾಗ ತಾರಸಿಯಿಂದಲೇ, “ಬಂದ್ನಮ್ಮಾ ಮಹರಾಯ! ಏಳ್ರೇ ಊಟಕ್ಕೆ!” ಎಂದು ಕೂಗುತ್ತಿದ್ದರು. ಇಡೀ ಬೀದಿ ಆ ಕೂಗಿಗೇ ತಟ್ಟೆ ಹಾಕುತ್ತಿತ್ತು. ಅವರು ಹೋದ ಮೇಲೆ ಉಪವಾಸ ಬಿಟ್ಟರೂ ತುತ್ತು ರುಚಿಸುವುದಿಲ್ಲ.

ಇವತ್ತೊಂದು ಸಲ ಫೋನಿನಲ್ಲಿ ಹಾಗೇ ಕೂಗು, ಮಗಳೇ. ಪಕ್ಕದ ಮನೆಯವರು ನಕ್ಕರೆ ನಗಲಿ. ಅವರೂ ಅದನ್ನು ಕೇಳಿ ವರ್ಷವಾಯಿತು.

ಅಮ್ಮ