ಶಾರಿಯ ಹೆಸರು ತಿರುಗಿ ಬರೆ

ತಮ್ಮಾ ಮಾಳಪ್ಪ,

ಎಲೆಬಳ್ಳಿ ತೋಟದ ಕೆಲಸಕ್ಕೆ ಸವಣೂರಿಗೆ ಹೊರಟಿದ್ದೇನೆ, ಎಂಟು ದಿನ ಬರುವುದಿಲ್ಲ. ಎಮ್ಮೆಗೆ ಎರಡು ಹೊತ್ತು ನೀರು ಕುಡಿಸು. ಅವ್ವನ ಮೊಣಕಾಲಿಗೆ ಔಡಲೆಣ್ಣೆ ಕಾಸಿ ಹಚ್ಚು.

ನಿನ್ನ ಮುಖ ನೋಡಿ ಹೇಳಿದರೆ ಕೈ ಮಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರ ನೀನು ಅವ್ವನ ಬೀಸುವ ಪದವನ್ನು ವಹಿಯಲ್ಲಿ ಬರೆದುಕೊಂಡು, ಓಣಿಯ ಹೆಂಗಸರ ಮುಂದೆ ಅವಳಿಗೇ ಓದಿದೆ. "ಅವ್ವಾ, ಶಾರಿ ಅಂದ್ರ ಪ್ರಾಸ ಕೂಡೂದಿಲ್ಲ. ಮಲ್ಲಿಗಿ ಅಂತ ಹಾಕೇನಿ, ರೂಪಕನೂ ಆತು" ಅಂದೆ. ಅವ್ವ ನಕ್ಕಳು. "ಹೌದೇನಪಾ, ನಾ ಏನ್ ಸಾಲಿ ಕಲ್ತಾಕಿ?" ಅಂದಳು. ಅವತ್ತಿನಿಂದ ಮೂರು ಮುಂಜಾನೆ ಬೀಸುಕಲ್ಲಿನ ಸಪ್ಪಳವೊಂದೇ ಕೇಳುತ್ತಿದೆ, ಪದವಿಲ್ಲ.

ನಮ್ಮ ತಂಗಿ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತುವುದಿಲ್ಲ. ಅಪ್ಪ ಎತ್ತಗೊಡುವುದಿಲ್ಲ. ಅವ್ವ ಕಲ್ಲಿನ ಮುಂದೆ ಕೂತಾಗ ಮಾತ್ರ, ಪದದೊಳಗೆ, ಶಾರಿ ಅಂತ ಕರೆಯುತ್ತಿದ್ದಳು. ಅದನ್ನೂ ನೀನು ಹೊಡೆದುಹಾಕಿದೆ. ನಮ್ಮ ಶಾರಿ ಯಾವ ಮಲ್ಲಿಗೆಯೋ? ಮಣ್ಣು ತಿನ್ನುತ್ತಿದ್ದಳು, ಸಿಟ್ಟು ಬಂದರೆ ನಿನ್ನ ತೊಡೆ ಕಚ್ಚುತ್ತಿದ್ದಳು.

ನಾನು ಎರಡನೇ ಇಯತ್ತೆಗೇ ಸಾಲಿ ಬಿಟ್ಟವನು. ಪ್ರಾಸ, ಉಪಮೆ, ಅಲಂಕಾರ ನನಗೆ ತಿಳಿಯುವುದಿಲ್ಲ. ನೀನು ಕಲಿ, ಬೇಡ ಅನ್ನುವುದಿಲ್ಲ. ಆದರೆ ಇವತ್ತೇ ಆ ಹಾಳೆ ಹರಿದು, ಅವ್ವ ಹಾಡಿದ ಹಾಗೇ ತಿರುಗಿ ಬರೆ. ನಾಳೆ ಕೋಳಿ ಕೂಗುವಾಗ ಎದ್ದು, ಅವಳ ಎದುರಿಗೆ ಕೂತು ಕಲ್ಲಿನ ಗೂಟ ಹಿಡಿ. ಪದ ಮೊದಲು ನೀನೇ ಎತ್ತು. ಶಾರಿ ಅನ್ನುವ ತನಕ ನೀನು ಹಾಡು, ಮುಂದಿನದನ್ನು ಅವ್ವ ಹಾಡಿದರೂ ಹಾಡಿಯಾಳು.

ಗುತ್ತೆಪ್ಪ